ಶೇಂಗಾ ಹಿಂಡಿಯ ಸುಳ್ಳು

ತಾರ್ನಾಕ, ಹೈದರಾಬಾದ್
ಭಾನುವಾರ, 22 ಜೂನ್ 2025

ಪ್ರೀತಿಯ ವತ್ಸಲಕ್ಕನಿಗೆ,

ನಿನ್ನ ತಂಗಿ ಶೋಭಾಳ ನಮಸ್ಕಾರ. ನಾವಿಲ್ಲಿ ಆರಾಮಾಗಿದ್ದೇವೆ. ಮಾಮಾನ ಮೊಣಕಾಲು ಹೇಗಿದೆ? ಎಣ್ಣೆ ಹಚ್ಚಿಸಿಕೊಳ್ಳಲು ಈಗಲೂ ಹಟ ಮಾಡುತ್ತಾರೋ, ಇಲ್ಲ ನಿನ್ನ ಬಾಯಿಗೆ ಹೆದರಿ ಸುಮ್ಮನೆ ಕಾಲು ಚಾಚುತ್ತಾರೋ?

ನಿನ್ನ ಪತ್ರ ಬಂದು ಎರಡು ತಿಂಗಳ ಮೇಲಾಯಿತು. ಉತ್ತರ ಬರಲಿಲ್ಲವೆಂದು ಮುಖ ಊದಿಸಿಕೊಂಡಿರುತ್ತೀಯ, ನನಗೆ ಗೊತ್ತು. ಪುರುಸೊತ್ತಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಪುರುಸೊತ್ತಿತ್ತು, ನೀನು ಕೇಳಿದ ಒಂದು ಪ್ರಶ್ನೆಗೆ ಉತ್ತರ ಬರೆಯಲು ಕೈ ಏಳಲಿಲ್ಲ. "ಸಂಕ್ರಾಂತಿಗೆ ಕಳಿಸಿದ ಶೇಂಗಾ ಹಿಂಡಿ ಹ್ಯಾಂಗಿತ್ತು? ಅವ್ವನ ಕೈ ವಾಸನಿ ಬಂತೇನ?" ಎಂದು ಕೇಳಿದ್ದೆ. ಅವ್ವ ಹೋದ ಮೇಲೆ ಪ್ರತಿ ಸಲವೂ ಇದನ್ನೇ ಕೇಳುತ್ತೀಯ. ನಾನೂ ಪ್ರತಿ ಸಲ, ಬಂತು ಅಕ್ಕಾ, ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಅವ್ವ ಪಕ್ಕದಲ್ಲಿ ಬಂದು ಕೂತಂತಾಯಿತು ಎಂದು ಬರೆದಿದ್ದೇನೆ. ಈ ಸಲ ಹಾಗೆ ಬರೆಯಲಾಗಲಿಲ್ಲ. ನಾಲ್ಕು ವರ್ಷದಿಂದ ನಿನ್ನಿಂದ ಒಂದು ಸಂಗತಿ ಮುಚ್ಚಿಟ್ಟಿದ್ದೇನೆ. ಈ ಪತ್ರ ಮುಗಿಯುವುದರೊಳಗೆ ಅದನ್ನು ಹೇಳಲೇಬೇಕೆಂದು ಕೂತಿದ್ದೇನೆ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ನೀನು ಫೋನ್ ಎತ್ತಿದ ಕೂಡಲೇ ಸ್ಪೀಕರ್ ಹಾಕುವವಳು. ಮಾಮಾ, ನಿನ್ನ ಸೊಸೆ, ಪಕ್ಕದ ಮನೆಯ ಗದಿಗೆಮ್ಮ ಎಲ್ಲರೂ ಸುತ್ತ ಕೂತು ಕೇಳುತ್ತಾರೆ. ಇದು ನಿನಗೊಬ್ಬಳಿಗೇ ಬರೆದದ್ದು, ಒಳಗೆ ಹೋಗಿ ಓದು.

ಮೊದಲು ಶುಕ್ರವಾರದ ಸುದ್ದಿ ಹೇಳುತ್ತೇನೆ. ಯಂತ್ರಗಳ ತಪಾಸಣೆ ಮಾಡುವ ನಮ್ಮ ಸೆಕ್ಷನ್ನಿನಲ್ಲಿ ಮಾನಸಾ ಎಂಬ ಮೈಸೂರಿನ ಹುಡುಗಿ ಇದ್ದಾಳೆಂದು ಬರೆದಿದ್ದೆನಲ್ಲ, ಅವಳ ನೌಕರಿ ಕಾಯಂ ಆಯಿತು. ಕಾಯಂ ಆದವರು ಸೆಕ್ಷನ್ನಿನವರನ್ನು ಹೊರಗೆ ಕರೆದೊಯ್ದು ತಿನ್ನಿಸಬೇಕು, ಅದು ನಮ್ಮಲ್ಲಿ ಮೊದಲಿನಿಂದ ಬಂದ ಪದ್ಧತಿ. ಡ್ಯೂಟಿ ಮುಗಿಸಿ ನಾಲ್ಕು ಜನ ಹೊರಟೆವು. ನಾನು, ಮಾನಸಾ, ನಮ್ಮ ಸೂಪರ್‌ವೈಜರ್ ಅಮರಯ್ಯ, ಆಮೇಲೆ ಇಲ್ಲಿಯವನೇ ಆದ ಯಾದಗಿರಿ ಎಂಬವನು. ಅಮರಯ್ಯನವರು ಸಿಂಧನೂರಿನ ಕಡೆಯವರು, ಹೆಚ್ಚು ಮಾತಿಲ್ಲ. ಯಾದಗಿರಿಯ ಬಾಯಿಗೆ ಬಾಗಿಲೇ ಇಲ್ಲ. ತೆಲುಗು, ಹಿಂದಿ, ನಮ್ಮಿಂದ ಕಲಿತ ಕನ್ನಡ ಎಲ್ಲ ಒಂದೇ ಗಂಗಾಳದಲ್ಲಿ ಕಲಸಿ ಮಾತಾಡುತ್ತಾನೆ.

ಮಾನಸಾ ಕರೆದುಕೊಂಡು ಹೋದದ್ದು ಕೋಠಿಯ ಹತ್ತಿರದ ಒಂದು ಹೊಸ ಹೋಟೆಲಿಗೆ. ಅಲ್ಲಿ ಬೀದಿ ತಿಂಡಿ ಬಿಟ್ಟು ಬೇರೆ ಏನೂ ಇಲ್ಲ. ಒಳಗೆ ಎ.ಸಿ., ನಡುವೆ ಒಂದು ತಳ್ಳುಗಾಡಿ. ಗಾಡಿಗೆ ಚಕ್ರಗಳಿವೆ, ಆದರೆ ಅವನ್ನು ನೆಲಕ್ಕೆ ಬೋಲ್ಟ್ ಹಾಕಿ ಬಿಗಿದಿದ್ದಾರೆ. ಅಮರಯ್ಯನವರು ಬಗ್ಗಿ ಆ ಬೋಲ್ಟ್‌ಗಳನ್ನೇ ನೋಡುತ್ತ ನಿಂತರು. "ಹೊರಗ ಬೀದ್ಯಾಗ ಖರೇ ಗಾಡಿ ನಿಂತೈತ್ರಿ. ಅದನ್ನ ದಾಟಿ ಒಳಗ ಬಂದು ಇದನ್ನ ನೋಡಾಕತ್ತೀವಿ" ಎಂದರು. ಮಾನಸಾ, "ಸರ್, ಇಲ್ಲಿ ಕೂತ್ಕೊಂಡು ತಿನ್ಬಹುದು, ಅಷ್ಟೇ ವ್ಯತ್ಯಾಸ" ಎಂದು ಅವರನ್ನು ಕೂರಿಸಿದಳು.

ಕಟ್ ಮಿರ್ಚಿ ಬಂತು, ಪುನುಗುಲು ಬಂತು, ರಗಡಾ ಬಂತು. ಎಲ್ಲರೂ "ಏನು ಘಮ" ಎನ್ನುತ್ತಿದ್ದರು, ನಾನೂ ಎಂದೆ. ಆಗ ಯಾದಗಿರಿ ಬಾಯಿ ತುಂಬ ಮಿರ್ಚಿ ಇಟ್ಟುಕೊಂಡು, "ಶೋಭಕ್ಕಾ, ಆಜ್ ವೋ ಪೌಡರ್ ನಕ್ಕೋ, ಹಾಂ?" ಎಂದುಬಿಟ್ಟ. ಇವತ್ತಾದರೂ ಆ ಪುಡಿ ಬೇಡ ತಾಯಿ ಎಂದು. ಮೇಜಿನ ಕೆಳಗೆ ಮಾನಸಾ ಅವನನ್ನು ಒದ್ದದ್ದು ನನ್ನ ಕಾಲಿಗೇ ತಾಗಿತು.

ಯಾವ ಪುಡಿ ಎಂದು ನಾನು ಬಿಡಲಿಲ್ಲ. ನಿನಗೆ ಗೊತ್ತಲ್ಲ, ನಾನು ಹಿಡಿದರೆ ಬಿಡುವವಳಲ್ಲ. ಕೊನೆಗೆ ಮಾನಸಾ ತಟ್ಟೆ ನೋಡುತ್ತ ಹೇಳಿದಳು. "ಬೇಜಾರ್ ಮಾಡ್ಕೋಬೇಡಿ ಅಕ್ಕಾ. ನಿಮ್ಮ ಹಿಂಡಿ, ಆ ಶೇಂಗಾ ಚಟ್ನಿಪುಡಿ, ಎರಡು ತಿಂಗಳಿಂದ ಕಮಟು ವಾಸನೆ ಬರ್ತಿದೆ. ನೀವು ಅಷ್ಟು ಪ್ರೀತಿಯಿಂದ ಹಾಕ್ತೀರಾ, ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ."

ಅಕ್ಕಾ, ನಿನ್ನ ಕೈಯ ತಪ್ಪಲ್ಲ ಇದು. ನೀನು ಕಳಿಸಿದ ಎರಡು ಕಿಲೋ ಹಿಂಡಿಯನ್ನು ಪ್ಲಾಸ್ಟಿಕ್ ಡಬ್ಬಿಗೆ ತುಂಬಿ ಒಲೆಯ ಮೇಲಿನ ಹಲಗೆಯಲ್ಲಿ ಇಟ್ಟವಳು ನಾನು. ಇಡೀ ಬೇಸಿಗೆ ಅಲ್ಲೇ ಕಾದಿದೆ. ಶೇಂಗಾ ತಿಂದರೆ ಪಿತ್ತ ಎನ್ನುವ ನಮ್ಮವರು ಅದನ್ನು ಮುಟ್ಟುವುದಿಲ್ಲ. ಹಾಗಾಗಿ ಎಲ್ಲ ಸೆಕ್ಷನ್ನಿಗೇ ಹೋಗುತ್ತಿತ್ತು. ಮಧ್ಯಾಹ್ನ ನಮ್ಮ ಡಬ್ಬಿಗಳೆಲ್ಲ ಮೇಜಿನ ನಡುವೆ ಬರುತ್ತವೆ. ಒಬ್ಬರು ಬಡಿಸಿದ್ದನ್ನು ಇನ್ನೊಬ್ಬರು ಬಿಡುವಂತಿಲ್ಲ. ನಾನು ದಿನವೂ ಮೂವರಿಗೂ ಒಂದೊಂದು ಚಮಚ ಹಾಕಿ, ಮೇಲೆ ಎಣ್ಣೆ ಬಿಟ್ಟು, "ನಮ್ಮ ಅಕ್ಕ ಕಳಿಸ್ಯಾಳ, ನಮ್ಮವ್ವನ ಕೈ ವಾಸನಿನೇ ಅದ, ನೋಡ್ರಿ" ಎಂದು ನಿಂತು ತಿನ್ನಿಸಿದ್ದೇನೆ. ಮರ್ಯಾದಸ್ಥರು ಪಾಪ, ಎರಡು ತಿಂಗಳು ಕಣ್ಣು ಮುಚ್ಚಿ ನುಂಗಿದ್ದಾರೆ.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಏನೋ ನೆಪ ಹೇಳಲು ಹೊರಟೆ. ಅಷ್ಟರಲ್ಲಿ ಅಮರಯ್ಯನವರು ನೀರಿನ ಲೋಟ ನನ್ನ ಕಡೆ ಸರಿಸಿ ಮೆಲ್ಲಗೆ ಕೇಳಿದರು. "ಶೋಭಾ ಅವ್ರ, ನಿಮಗ ವಾಸನಿ ಬರಂಗಿಲ್ಲ, ಹೌದಿಲ್ರಿ?"

ಇದೇ ಅಕ್ಕಾ, ನಿನಗೆ ಹೇಳದ ಸಂಗತಿ. ನನಗೆ ವಾಸನೆ ಬರುವುದಿಲ್ಲ. ಮಲ್ಲಿಗೆಯದು ಬರುವುದಿಲ್ಲ, ಸೀಮೆಎಣ್ಣೆಯದು ಬರುವುದಿಲ್ಲ, ಹಾಲು ಉಕ್ಕಿ ಹೊತ್ತಿದರೂ ಬರುವುದಿಲ್ಲ. ನಾಲಗೆಗೆ ಉಪ್ಪು, ಹುಳಿ, ಖಾರ, ಸಿಹಿ, ಕಹಿ ತಿಳಿಯುತ್ತದೆ, ಅಷ್ಟೇ. ಕೊರೊನಾ ಬಂದಾಗ ಹೋದದ್ದು ತಿರುಗಿ ಬರಲಿಲ್ಲ. ಡಾಕ್ಟರು ಮೂಗಿಗೆ ಏನೇನೋ ಔಷಧ ಹಾಕಿಸಿದರು, ಲವಂಗ, ನಿಂಬೆಹಣ್ಣು ದಿನಕ್ಕೆರಡು ಸಲ ಮೂಸಲು ಹೇಳಿದರು. ಏನೂ ಆಗಲಿಲ್ಲ. ನಮ್ಮವರಿಗೆ ಗೊತ್ತು. ನಿನಗೆ ಹೇಳಬಾರದೆಂದು ಅವರಿಂದ ಆಣೆ ಹಾಕಿಸಿಕೊಂಡಿದ್ದೆ. ನೀನು ಅಷ್ಟು ಕಷ್ಟಪಟ್ಟು ಅವ್ವನ ಹಾಗೆ ಕುಟ್ಟಿ ಕಳಿಸುವುದು ನನಗೆ ಬರಿ ಉಪ್ಪು ಖಾರ ಎಂದು ತಿಳಿದರೆ ಅಳುತ್ತೀಯ, ಅದಕ್ಕೇ ಹೇಳಲಿಲ್ಲ.

ಅಮರಯ್ಯನವರಿಗೆ ಹೇಗೆ ತಿಳಿಯಿತು ಗೊತ್ತೇ? ಹೋದ ವರ್ಷ ನನ್ನ ಮೇಜಿನ ಹಿಂದಿನ ಒಂದು ಯಂತ್ರದಲ್ಲಿ ವೈರು ಸುಟ್ಟು ಹೊಗೆ ಏಳುತ್ತಿತ್ತಂತೆ. ಬಾಗಿಲ ಆಚೆಯವರಿಗೂ ವಾಸನೆ ಹೊಡೆಯುತ್ತಿದ್ದರೆ ನಾನು ಪಕ್ಕದಲ್ಲೇ ಕೂತು ರಿಪೋರ್ಟ್ ಬರೆಯುತ್ತಿದ್ದೆನಂತೆ. ಮರುದಿನವೇ ಬೆಳಕು ಸಾಲದೆಂಬ ನೆಪ ಹೇಳಿ ಅವರು ನನ್ನ ಮೇಜನ್ನು ಕಿಟಕಿಗೆ ಸರಿಸಿದರು. ನಾನು ಇಷ್ಟು ದಿನ ಅದು ನನ್ನ ಹಿರಿತನಕ್ಕೆ ಕೊಟ್ಟ ಮರ್ಯಾದೆ ಎಂದು ಉಬ್ಬಿಕೊಂಡಿದ್ದೆ. "ನಾ ಯಾರಿಗೂ ಹೇಳಿಲ್ರಿ. ನೀವಾಗಿ ಹೇಳಲಿ ಅಂತ ಬಿಟ್ಟಿದ್ದೆ" ಎಂದರು. ನನಗೆ ಕಣ್ಣು ತುಂಬಿತು. ಮಿರ್ಚಿಯ ಖಾರ ಎಂದೆ, ಯಾರೂ ನಂಬಲಿಲ್ಲ.

ಆಮೇಲೆ ನಡೆದದ್ದನ್ನು ನೀನು ನೋಡಬೇಕಿತ್ತು. ಮಾನಸಾ ಎದ್ದು ಹೋಗಿ ಗಾಡಿಯ ಹಿಂದೆ ನಿಂತವನ ಹತ್ತಿರ ವಿಚಾರಿಸಿ ಹೊಸದಾಗಿ ಆರ್ಡರ್ ಮಾಡಿದಳು. ಮೂಗಿನ ಹಂಗಿಲ್ಲದ ತಿಂಡಿ ಮಾತ್ರ ಬರಬೇಕು ಎಂದು ಅವಳ ಹಟ. ಪಾನಿಪುರಿ ಬಂತು. ಹಲ್ಲಿಗೆ ಸಿಕ್ಕ ಕೂಡಲೇ ಪುರಿ ಚಟ್ ಎಂದು ಒಡೆಯಿತು, ತಣ್ಣನೆಯ ನೀರು ಬಾಯಿ ತುಂಬಿತು, ಹುಣಸೆಯ ಹುಳಿಗೆ ಕಿವಿಯ ಹಿಂದೆ ಜುಮ್ ಎಂದಿತು, ಕೊನೆಗೆ ಖಾರ ನೆತ್ತಿಗೇರಿತು. ಅದರ ಹಿಂದೆ ದಹಿ ಪುರಿ. ಮೊಸರು ತಣ್ಣಗೆ, ಸೇವು ಗರಿಗರಿ, ದಾಳಿಂಬೆಯ ಕಾಳು ಒಂದೊಂದೇ ಹಲ್ಲಿನಡಿ ಒಡೆಯುತ್ತಿತ್ತು. ಅಕ್ಕಾ, ನಾಲ್ಕು ವರ್ಷದಲ್ಲಿ ಹೊಟ್ಟೆಗಲ್ಲದೆ ಬಾಯಿಗಾಗಿ ತಿಂದದ್ದು ಅವತ್ತೇ. ಯಾದಗಿರಿ ಎಣಿಸಿ, ಹದಿನಾಲ್ಕು ಪುರಿ ಎಂದು ಹೋಟೆಲಿಗೆಲ್ಲ ಕೇಳುವಂತೆ ಸಾರಿದ. ನಾಳೆಯಿಂದ ನನ್ನ ಡಬ್ಬಿಯನ್ನು ಮೊದಲು ತಾನೇ ಮೂಸಿ ಪಾಸು ಮಾಡುತ್ತಾನಂತೆ, ತಪಾಸಣೆ ಮಾಡುವ ಸೆಕ್ಷನ್ನಿನಲ್ಲಿ ಇಷ್ಟು ವರ್ಷ ಇದ್ದು ಅಷ್ಟೂ ಮಾಡದಿದ್ದರೆ ಹೇಗೆ ಎಂದ. ಅಮರಯ್ಯನವರು ನಗುವುದನ್ನು ನಾನು ಮೊದಲ ಸಲ ನೋಡಿದೆ.

"ಯಾವಾಗಿಂದ ಅಕ್ಕಾ ಹೀಗೆ? ಯಾವ ತಿಂಗಳು?" ಎಂದು ಮಾನಸಾ ಕೇಳಿದಳು. ನೆನಪಿಲ್ಲ ಎಂದೆ. ಮತ್ತೊಂದು ಪ್ಲೇಟು ಬಂತು, ಮಾತು ಬೇರೆ ಕಡೆ ಹೊರಳಿತು.

ಆಟೋದಲ್ಲಿ ಮನೆಗೆ ಬರುವಾಗ ಮೈ ಹಗುರಾಗಿತ್ತು. ಒಬ್ಬರಿಗೆ ಹೇಳಿದ ಮೇಲೆ ಇನ್ನೊಬ್ಬರಿಗೆ ಹೇಳುವುದು ಅಷ್ಟು ಕಷ್ಟವಲ್ಲ ಅನ್ನಿಸಿತು. ಕೆಟ್ಟ ಹಿಂಡಿಯನ್ನು ನಿನ್ನೆ ಚೆಲ್ಲಿ ಡಬ್ಬಿ ತೊಳೆದು ಬಿಸಿಲಿಗಿಟ್ಟಿದ್ದೇನೆ. ಇನ್ನು ಕಳಿಸುವಾಗ ಖಾರ ಒಂದು ಮುಷ್ಟಿ ಹೆಚ್ಚು ಹಾಕು, ಶೇಂಗಾವನ್ನು ಅರ್ಧಂಬರ್ಧ ಕುಟ್ಟು, ಹಲ್ಲಿಗೆ ಸಿಗಲಿ. ಅವ್ವನ ಹಾಗೆ ಆಗದಿದ್ದರೂ ಪರವಾಗಿಲ್ಲ.

ನಿನ್ನ ಮೊಮ್ಮಗಳು ನಿರೀಕ್ಷಾಳಿಗೆ ನನ್ನ ಆಶೀರ್ವಾದ, ನೂರು ವರ್ಷ ಸುಖವಾಗಿರಲಿ. ಮಾಮಾನಿಗೆ ನಮಸ್ಕಾರ. ನನ್ನ ತಲೆಯ ಮೇಲೆ ನಿನ್ನ ಕೈ ಇರಲಿ.

ನಿನ್ನ ತಂಗಿ,
ಶೋಭಾ

ತಾ.ಕ.: ಇಷ್ಟು ಬರೆದು ಕವರಿಗೆ ಹಾಕಿ ಅಂಟಿಸಿದ್ದೆ. ಮತ್ತೆ ಒಡೆದೆ. ನೀನು ಅಳುತ್ತೀಯೆಂದು ಹೇಳಲಿಲ್ಲ ಎಂದು ಮೇಲೆ ಬರೆದದ್ದು ನಿಜವಲ್ಲ. ವಾಸನೆ ಹೋಯಿತೆಂದರೆ ನೀನೂ ಮಾನಸಾಳ ಹಾಗೆ ಯಾವಾಗ ಎಂದು ಕೇಳುತ್ತೀಯೆಂದು ಹೇಳಲಿಲ್ಲ. ನನಗೆ ದಿನ ನೆನಪಿದೆ. ಆ ವರ್ಷ ಯುಗಾದಿ ಮಂಗಳವಾರ ಬಂದಿತ್ತು. ಅದರ ಹಿಂದಿನ ಗುರುವಾರ ಬೆಳಿಗ್ಗೆ ಇಲ್ಲಿ ಬೇಳೆಗೆ ಬೆಳ್ಳುಳ್ಳಿ ಒಗ್ಗರಣೆ ಹಾಕಿದೆ, ವಾಸನೆ ಬರಲಿಲ್ಲ. ಬೆಳ್ಳುಳ್ಳಿ ಕರ್ರಗಾಗುವ ತನಕ ಬಗ್ಗಿ ನಿಂತೆ, ಬರಲಿಲ್ಲ. ಜ್ವರ ಇರಲಿಲ್ಲ, ಕೆಮ್ಮು ಇರಲಿಲ್ಲ. ಆದರೆ ವಾಸನೆ ಹೋದರೆ ಏನೆಂದು ಪೇಪರಿನಲ್ಲಿ ದಿನವೂ ಬರುತ್ತಿತ್ತು, ನಾನು ಓದಿದ್ದೆ. ಪರೀಕ್ಷೆ ಮಾಡಿಸಿದರೆ ಹಬ್ಬಕ್ಕೆ ಊರಿಗೆ ಬಿಡುವುದಿಲ್ಲವೆಂದು ಮಾಡಿಸಲಿಲ್ಲ. ಶನಿವಾರ ಕಲಬುರಗಿಯ ಬಸ್ಸು ಹತ್ತಿದೆ. ಹಬ್ಬದ ದಿನ ಅವ್ವ ತನ್ನ ಗಂಗಾಳದ ಹೋಳಿಗೆ ಮುರಿದು ನನ್ನ ಬಾಯಿಗಿಟ್ಟಳು. "ಹ್ಯಾಂಗದ?" ಎಂದಳು. "ಘಮ್ ಅಂತದ ಅವ್ವಾ" ಎಂದೆ. ಮುಂದಿನ ವಾರ ಅವಳಿಗೆ ಜ್ವರ ಬಂತು, ಅದರಲ್ಲೇ ಹೋದಳು.

ನೀನು ಹಬ್ಬದ ಸಾಮಾನಿಗೆಂದು ಮಾರ್ಕೆಟ್ಟಿಗೆ ಹೋಗಿ ಬಂದಿದ್ದೆ. "ನಾನೇ ಅವ್ವಗ ಬ್ಯಾನಿ ತಂದು ಹಚ್ಚಿದೆ" ಎಂದು ಅವತ್ತಿನಿಂದ ನೀನು ಆ ಮಾರ್ಕೆಟ್ಟಿನ ಕಡೆ ಕಾಲಿಟ್ಟಿಲ್ಲ. ನಾಲ್ಕು ವರ್ಷ ನೀನು ಹಾಗೆ ಅಂದು ಅಳುವಾಗಲೆಲ್ಲ ನಾನು ಪಕ್ಕದಲ್ಲಿ ಕೂತು ನಿನ್ನ ಬೆನ್ನು ಸವರಿದ್ದೇನೆ. ತಂದವಳು ನೀನಲ್ಲ ಅಕ್ಕಾ, ನಾನು.