ಕಣ್ಣು ಮುಚ್ಚಿ ಹೇಳಿದ ಮಾತು

ವಿಜಯಪುರ
೧೨ ಫೆಬ್ರವರಿ ೨೦೨೫

ಪ್ರೀತಿಯ ತಂಗಿ ಯಶೋಧರಾ,

ನಿನ್ನ ಸೊಂಟದ ನೋವು ಹೇಗಿದೆ? ಅವ್ವನನ್ನು ಎತ್ತಿ ಕೂರಿಸಿ, ಎತ್ತಿ ಮಲಗಿಸಿ ಬಂದ ನೋವು ಅದು. ಈಗಲಾದರೂ ಸ್ವಲ್ಪ ಇಳಿದಿದೆಯೆ? ರಾತ್ರಿ ಸರಿಯಾಗಿ ನಿದ್ದೆ ಬರುತ್ತದೆಯೆ, ಅಥವಾ ನಾಲ್ಕು ವರ್ಷದ ರೂಢಿಯಿಂದ ಈಗಲೂ ನಡುನಡುವೆ ಎದ್ದು ಕೂರುತ್ತೀಯೋ? ನಿನ್ನ ಯಜಮಾನ ಅಂಬಾದಾಸರ ಹೊಲಿಗೆ ಅಂಗಡಿಯಲ್ಲಿ ಮದುವೆ ಹಂಗಾಮಿನ ಕೆಲಸ ಜೋರಾಗಿರಬೇಕು. ಅವರಿಗೆ ನನ್ನ ನಮಸ್ಕಾರ ತಿಳಿಸು. ಅವರು ಮುಖ ತಿರುಗಿಸಿದರೆ ಒತ್ತಾಯ ಮಾಡಬೇಡ. ನನ್ನ ಫೋನನ್ನು ನೀನು ಎತ್ತುವುದಿಲ್ಲ. ಕಳಿಸಿದ ಮೆಸೇಜುಗಳನ್ನು ನೋಡಿದ್ದೀ ಎಂದು ನೀಲಿ ಗುರುತು ಬೀಳುತ್ತದೆ, ಉತ್ತರ ಬರುವುದಿಲ್ಲ. ಅದಕ್ಕೇ ಈ ಕಾಗದ. ಪಕ್ಕದ ಮನೆಯ ಚಮನಸಾಬರು ನಿಮ್ಮ ಬಬಲೇಶ್ವರದ ಸಂತೆಗೆ ಪಾತ್ರೆ ಮಾರಲು ಬರುತ್ತಾರಲ್ಲ, ಅವರ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಹರಿಯುವುದಿದ್ದರೆ ಓದಿ ಹರಿ.

ಇಲ್ಲಿ ನಾವೆಲ್ಲ ಆರಾಮ. ಅವ್ವನೂ ಆರಾಮ. ಗಾಂಧಿ ಚೌಕದ ಹಿಂದಿನ ಈ ಓಣಿಯ ಗದ್ದಲ ಅವಳಿಗೆ ಇನ್ನೂ ಹೊಂದಿಲ್ಲ. ಬಾಗಿಲ ಮುಂದೆ ಯಾವ ಆಟೋ ನಿಂತರೂ 'ತಿಕೋಟಾಕ್ಕ ಹೋಗತೈತೇನಪಾ?' ಎಂದು ಕೇಳುತ್ತಾಳೆ. ಚಮನಸಾಬರ ಹೆಂಡತಿ ಗುಲಶನ ದಿನಕ್ಕೊಮ್ಮೆಯಾದರೂ ಬಂದು ಕೂತು ಹೋಗುತ್ತಾಳೆ. ಅವ್ವ ಅವಳನ್ನು ಪ್ರತಿ ಸಲ ಹೊಸದಾಗಿ ನೋಡಿ 'ನಿಂಗ ಮದವಿ ಆಗೇತೇನ ಬೇ?' ಎನ್ನುತ್ತಾಳೆ. ಆಕೆಯೂ ಬಿಡುವವಳಲ್ಲ. 'ಎಲ್ಲಿ ಮದವಿ ಬೇ ಯವ್ವಾ, ಚಲೋ ವರ ಇದ್ರ ನೀನ ನೋಡು' ಎಂದಳು ಮೊನ್ನೆ. ಮೊಮ್ಮಕ್ಕಳನ್ನು ಕಂಡ ಚಮನಸಾಬರು ಹೊರಗೆ ಪಾತ್ರೆ ಕಟ್ಟುತ್ತ ನಿಂತಿದ್ದರು. 'ಹಂಗಾರ ನಾ ಯಾರಲೇ?' ಎಂದು ಅಲ್ಲಿಂದಲೇ ಕೂಗಿದರು. ಅವ್ವ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. ಆ ನಗು ನೀನು ನೋಡಬೇಕಿತ್ತು. ಆದರೆ ಸಂಜೆ ನಾಲ್ಕಾದರೆ ಮಾತ್ರ ಅವಳನ್ನು ಹಿಡಿಯುವುದು ಕಷ್ಟ. 'ಸಾಲಿ ಬಿಟ್ಟಿರಬೇಕು, ಯಶಿನ್ನ ಕರಕೊಂಡು ಬರತೇನಿ' ಎಂದು ಚಪ್ಪಲಿ ಹುಡುಕುತ್ತಾಳೆ. ಚಿಲಕ ಹಾಕಿದರೆ ಬಾಗಿಲು ಬಡಿಯುತ್ತಾಳೆ. ನಾನೂ ಅದೇ ಸಾಲಿಗೆ ಹೋದವಳು. ನನ್ನನ್ನು ಕರೆತರಲು ಅವಳು ಒಂದು ದಿನವೂ ಎದ್ದಿಲ್ಲ.

ನೀನು ತಿಕೋಟಾ ಬಿಟ್ಟು ಹೋಗಿ, ಅವ್ವ ನನ್ನಲ್ಲಿಗೆ ಬಂದು ಎರಡು ತಿಂಗಳಾಯಿತು. ಡಿಸೆಂಬರಿನ ಆ ಮನೆಪ್ರಾರ್ಥನೆಯ ಬಗ್ಗೆ ನಾನು ನಿನಗೆ ಕಳಿಸಿದ ಮೆಸೇಜುಗಳಲ್ಲೆಲ್ಲ 'ತಪ್ಪು ತಿಳಿಯಬೇಡ', 'ನನ್ನ ಉದ್ದೇಶ ಒಳ್ಳೆಯದಿತ್ತು' ಎಂದೇ ಬರೆದಿದ್ದೆ. ಇಂದು ಅದು ಹೇಗೆ ನಡೆಯಿತೋ ಹಾಗೆ ಬರೆಯುತ್ತೇನೆ. ಆ ವಾರದ ಮೊದಲಲ್ಲಿ ಹೇಳದೆ ಕೇಳದೆ ತಿಕೋಟಾಕ್ಕೆ ಬಂದೆ. ಬಾಗಿಲು ಅರ್ಧ ತೆರೆದಿತ್ತು. ನೀನು ಅವ್ವನಿಗೆ ಉಣ್ಣಿಸುತ್ತಿದ್ದೆ. ಅವಳು ತುತ್ತು ಉಗುಳಿದಳು. 'ನುಂಗ ಬೇ, ನುಂಗ!' ಎಂದು ನೀನು ಚೀರಿದ್ದು ಕೇಳಿಸಿತು, ನಿನ್ನ ಕೈ ಅವಳ ಕೆನ್ನೆಯ ಮೇಲೆ ಬಿದ್ದದ್ದೂ ಕಾಣಿಸಿತು. ನಾನು ಹೊಸ್ತಿಲಲ್ಲಿ ಬಾಳೆಹಣ್ಣಿನ ಚೀಲ ಹಿಡಿದು ನಿಂತಿದ್ದೆ. ನೀನು ತಿರುಗಿ ನೋಡಿದೆ. ಆ ಗಳಿಗೆಯಲ್ಲಿ ನಾನು ಒಳಗೆ ಬಂದು ನಿನ್ನ ಕೈಯಿಂದ ತಾಟು ತೆಗೆದುಕೊಳ್ಳಬಹುದಿತ್ತು. 'ಯಶೂ, ಇದು ತಪ್ಪು' ಎಂದು ಅಲ್ಲೇ ಹೇಳಬಹುದಿತ್ತು. ಏನೂ ಕಾಣದವಳಂತೆ ಚಪ್ಪಲಿ ಬಿಟ್ಟೆ. ನೀನು ಬಡಿದುಕೊಟ್ಟ ಬಿಸಿ ರೊಟ್ಟಿ ಉಂಡೆ, ಶೇಂಗಾ ಹಿಂಡಿ ಚೆನ್ನಾಗಿದೆ ಎಂದು ಎರಡನೆಯ ಸಲ ಹಾಕಿಸಿಕೊಂಡೆ. ನಿನ್ನ ತಲೆ ಜಡೆಗಟ್ಟಿತ್ತು. ಬಾಚಿಕೊಳ್ಳಲೂ ಆಲಸ್ಯವೇ ಇವಳಿಗೆ ಎಂದು ಮನಸ್ಸಿನಲ್ಲೇ ಒಂದು ಗೆರೆ ಎಳೆದುಕೊಂಡೆ. ನಾಲ್ಕು ಗಂಟೆಯ ಬಸ್ಸಿಗೆ ಹೊರಟೆ.

ಈ ಮುಂದಿನದು ನಿನಗೆ ಗೊತ್ತಿಲ್ಲ. ಭಾನುವಾರ ತಿಕೋಟಾದ ನಮ್ಮ ಮನೆಯಲ್ಲೇ ಪ್ರಾರ್ಥನೆ ಎಂದು ನಾನು ಮತ್ತೆ ಬಂದೆನಲ್ಲ, ಆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ನಾನು ಒಂದು ಸಾಲು ಕಟ್ಟುತ್ತಿದ್ದೆ. 'ಹೆತ್ತ ತಾಯಿಯ ಕೆನ್ನೆಯ ಮೇಲೆ ಬಿದ್ದ ಕೈಗೆ ಕರುಣೆಯನ್ನು ಕಲಿಸು, ತಂದೆಯೇ.' ಕೆನ್ನೆ, ಕೈ, ಕರುಣೆ, ಕಲಿಸು. ಆ ಅಕ್ಷರಗಳು ಒಂದರ ಹಿಂದೆ ಒಂದು ಬಂದು ಕೂತದ್ದಕ್ಕೆ ನನಗೆ ಸಂತೋಷವಾಯಿತು ಯಶೂ. ಕವಿತೆ ಓದಿ ಓದಿ ಕಿವಿಗೆ ಹತ್ತಿದ ಚಟ. ದ್ರಾಕ್ಷಿ ತೋಟಗಳು ಹಿಂದೆ ಸರಿಯುತ್ತಿದ್ದವು, ನಾನು ತುಟಿಯೊಳಗೆ ಆ ಸಾಲನ್ನು ಹೇಳಿ ಹೇಳಿ ರುಚಿ ನೋಡುತ್ತಿದ್ದೆ. ಅವ್ವನ ಕೆನ್ನೆಯೂ ನಿನ್ನ ಕೈಯೂ ಅಷ್ಟು ಹೊತ್ತಿಗೆ ನನಗೆ ಬರೀ ಮಾತುಗಳಾಗಿದ್ದವು. ಸಭೆಯ ಪಾದ್ರಿ ಅಯ್ಯನವರು 'ಸುಧಾಬಾಯಿ, ನೀವ ಪ್ರಾರ್ಥನಾ ಮಾಡ್ರಿ, ನಿಮ್ಮ ಮಾತು ಭಾಳ ಚಂದ ಇರತಾವ' ಎಂದಾಗ ನಾನು ಒಂದು ಸಲ ಬೇಡವೆಂದು ತಲೆ ಆಡಿಸಿ ಆಮೇಲೆ ಎದ್ದೆ. ಎಲ್ಲರೂ ಕಣ್ಣು ಮುಚ್ಚಿದರು. ಬೇರೆ ಯಾವ ಮಾತಿಗಾದರೂ ಎದುರು ಮಾತು ಉಂಟು, ಪ್ರಾರ್ಥನೆಗೆ ಇಲ್ಲ. ತಲೆ ತಗ್ಗಿಸಿ ಕೂತವರು ಕೊನೆಗೆ ಆಮೆನ್ ಅನ್ನಬೇಕು, ಅಷ್ಟೇ. ನಾನು ಅದನ್ನು ಬಲ್ಲೆ, ಬಲ್ಲವಳಾಗಿಯೇ ಆ ಜಾಗ ಆರಿಸಿಕೊಂಡೆ. ದೇವರ ಕಡೆ ಮುಖ ಮಾಡಿ ನಿನ್ನನ್ನು ಹೊಡೆದೆ. ಆಮೆನ್ ಅಂದವರಲ್ಲಿ ನಿನ್ನ ದನಿಯೂ ಇತ್ತು. ಅದು ನನಗೆ ಸ್ಪಷ್ಟವಾಗಿ ಕೇಳಿಸಿತು.

ಆಮೇಲೆ ನೀನು ಎಲ್ಲರಿಗೂ ಚಹಾ ಕೊಟ್ಟೆ. ಪ್ರಾರ್ಥನೆಗೆ ಬಂದಿದ್ದ ರುಕ್ಮವ್ವ ಕಪ್ಪು ಹಿಡಿದುಕೊಂಡೇ 'ಖರೇನ ತಂಗೀ? ಹೊಡದಿ ಏನ?' ಎಂದಳು. 'ಹೌದ್ರಿ, ಹೊಡದೇನಿ. ಅಕ್ಕ ನೋಡ್ಯಾಳ. ನೋಡಿ, ರೊಟ್ಟಿ ಉಂಡು ಹೋಗ್ಯಾಳ' ಎಂದೆ ನೀನು. ನಿನ್ನ ದನಿ ಏರಲಿಲ್ಲ. ಅಷ್ಟು ಹೇಳಿ ನನ್ನ ಮುಂದೆಯೂ ಚಹಾ ಇಟ್ಟೆ. ಮರುದಿನ ಅಂಬಾದಾಸರ ಬೈಕು ಬಂತು. ಹತ್ತುವ ಮೊದಲು ನೀನು ನನಗೆ ಹೇಳಿದ್ದು ಒಂದೇ ಮಾತು: 'ಎಡಗಡಿ ಕೆನ್ನಿ ಒತ್ತಬ್ಯಾಡ, ಆ ಕಡೆ ಹಲ್ಲು ನೋಯ್ತೈತಿ. ಹಾಲಾಗ ರೊಟ್ಟಿ ನೆನಸಿ ಕೊಡು.' ಒಂದು ಬೈಗುಳವನ್ನು ನಾನು ಕಾಯುತ್ತ ನಿಂತಿದ್ದೆ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ನಿನಗೆ ಮಲಕಾಜಪ್ಪನವರ ತೋಟ ನೆನಪಿದೆಯೆ? ಕೇಳುವುದೇ ತಪ್ಪು, ಅಲ್ಲಿ ದ್ರಾಕ್ಷಿ ಕದ್ದವಳೇ ನೀನು. ಅಪ್ಪನಿಗೆ ಯಾರೋ ಚಾಡಿ ಹೇಳಿದರು. ಅಪ್ಪ ಸಾಲಿ ಮಾಸ್ತರ. ಮನೆಯಲ್ಲೂ ಬೆತ್ತ ಇತ್ತು. ಆ ದಿನ ಅದನ್ನು ಮುಟ್ಟಲಿಲ್ಲ. ನಿನ್ನ ಕೈ ಹಿಡಿದುಕೊಂಡು ತೋಟದ ದಾರಿ ಹಿಡಿದರು. ಏನಾಗುತ್ತದೆ ನೋಡೋಣ ಎಂದು ನಾನು ಹಿಂದೆಯೇ ಬಂದೆ. ಅಪ್ಪ ನಿಂತು ತಿರುಗಿದರು. 'ನೀ ಹೊಳ್ಳಿ ಹೋಗವ್ವಾ. ಇದು ನಮ್ಮಿಬ್ಬರ ಮಾತು' ಎಂದರು. ಎಷ್ಟೋ ಹೊತ್ತಿನ ಮೇಲೆ ನೀವಿಬ್ಬರೂ ಬಂದಿರಿ. ನಿನ್ನ ಕಣ್ಣು ಕೆಂಪಾಗಿದ್ದವು, ಅಪ್ಪನ ಕೈಯಲ್ಲಿ ಮಲಕಾಜಪ್ಪ ಕೊಟ್ಟ ಒಂದು ಗೊಂಚಲು ಇತ್ತು, ಇಬ್ಬರೂ ಅದರಿಂದ ಒಂದೊಂದೇ ಕಿತ್ತು ತಿನ್ನುತ್ತ ಬರುತ್ತಿದ್ದಿರಿ. ಅಪ್ಪ ಏನು ಹೇಳಿದರೆಂದು ನೀನು ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ. ನಾನು ಆ ದಿನ ಉರಿದುಹೋಗಿದ್ದೆ. ತಪ್ಪು ಮಾಡದ ನನಗೆ ಅಪ್ಪನ ಜೊತೆ ಅಷ್ಟು ದೂರ ನಡೆಯುವ ಭಾಗ್ಯ ಸಿಗಲಿಲ್ಲ ಎಂದು.

ತಪ್ಪಿದವರ ಬಳಿ ಮೊದಲು ಒಂಟಿಯಾಗಿ ಹೋಗಬೇಕೆಂದು ನಮ್ಮ ಕರ್ತ ಹೇಳಿದ್ದನ್ನು ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಬಾಯಿಪಾಠ ಮಾಡಿಸುವವಳು ನಾನೇ. ಹಾದರ ಮಾಡಿದಳೆಂದು ಕಲ್ಲು ಹೊಡೆಯಲು ಜನ ಕರ್ತನ ಮುಂದೆ ಹಿಡಿದು ತಂದ ಆ ಹೆಂಗಸಿನ ಕಥೆಯನ್ನೂ ಹೇಳಿದ್ದೇನೆ. ಮೊದಲು ಎಲ್ಲರ ಕೈಯ ಕಲ್ಲು ಕೆಳಗೆ ಬಿತ್ತು, ಒಬ್ಬೊಬ್ಬರೇ ಹೋದರು, ಅಂಗಳ ಬರಿದಾಯಿತು. ಅವನು ಅವಳಿಗೆ ತಪ್ಪಿನ ಮಾತು ಹೇಳಿದ್ದು ಆಮೇಲೆ. ಹೇಳದೆ ಬಿಡಲಿಲ್ಲ, ಅದೂ ನಿಜ. ಎಷ್ಟು ವರ್ಷ ಆ ಪಾಠ ಮಾಡಿದರೂ ಆ ಬರಿದಾದ ಅಂಗಳವನ್ನು ನಾನು ಗಮನಿಸಿರಲಿಲ್ಲ. ನಾನು ಅಂಗಳ ತುಂಬಿಸಿಕೊಂಡು ಹೇಳಿದೆ. ಇನ್ನೊಂದು ಮಾತನ್ನು ಮುಚ್ಚಿಡಲಾರೆ: ಅವ್ವನನ್ನು ಹೊಡೆದದ್ದು ತಪ್ಪೇ. ನಿನ್ನ ಮೇಲಿನ ಮರುಕದಿಂದ ಅದನ್ನು ಸರಿ ಎನ್ನಲಾರೆ, ನೀನೂ ಅನ್ನುವವಳಲ್ಲ. ಆದರೆ ಅದನ್ನು ಹೇಳುವ ಅಧಿಕಾರ ನಾನು ಸಂಪಾದಿಸಿರಲಿಲ್ಲ. ಮಕ್ಕಳಿಲ್ಲದವಳು, ಬಿಡುವಿದ್ದವಳು, ಯಶೂ ನೋಡಿಕೊಳ್ಳಲಿ ಎಂದು ನಾವೆಲ್ಲ ಎಷ್ಟು ಸಲೀಸಾಗಿ ನಿರ್ಧರಿಸಿಬಿಟ್ಟೆವು. ನನಗೆ ಪರೀಕ್ಷೆ, ಪೇಪರು ತಿದ್ದುವುದು, ಕಾಲೇಜಿನ ಸೆಮಿನಾರು. ಹಬ್ಬಕ್ಕೊಮ್ಮೆ ಬಾಳೆಹಣ್ಣು ತರುತ್ತಿದ್ದೆ.

ಮೊನ್ನೆ ಭಾನುವಾರ ಗುಲಶನಳನ್ನು ಅವ್ವನ ಬಳಿ ಕೂರಿಸಿ ತಿಕೋಟಾಕ್ಕೆ ಹೋಗಿದ್ದೆ. ಪ್ರಾರ್ಥನೆ ಶುರುವಾಗುವ ಮುನ್ನ, ಎಲ್ಲರ ಕಣ್ಣು ತೆರೆದಿರುವಾಗಲೇ ಎದ್ದು ನಿಂತು ಹೇಳಿದೆ: ಆ ದಿನ ನಾನು ಮಾಡಿದ್ದು ಪ್ರಾರ್ಥನೆ ಅಲ್ಲ, ತಂಗಿಯನ್ನು ನಿಮ್ಮೆಲ್ಲರ ಮುಂದೆ ಅವಮಾನ ಮಾಡಿದೆ, ಕ್ಷಮಿಸಿ ಎಂದು. ರುಕ್ಮವ್ವ 'ಅಂದ್ರ ಆಕಿ ಹೊಡದಿಲ್ಲಾ?' ಎಂದಳು. 'ಅದು ನಮ್ಮಿಬ್ಬರ ಮಾತು ರುಕ್ಮವ್ವಾ' ಎಂದೆ. ಅಪ್ಪನ ಮಾತು ನನ್ನ ಬಾಯಲ್ಲಿ ಬಂತು, ಬಹಳ ತಡವಾಗಿ. ಅಯ್ಯನವರು ನನ್ನ ತಲೆಯ ಮೇಲೆ ಕೈಯಿಟ್ಟು 'ಎಂಥಾ ತಗ್ಗಿದ ಮನಸ್ಸರಿ ನಿಮ್ದು' ಎಂದರು. ಹೆಂಗಸರು ಕಣ್ಣು ಒರೆಸಿಕೊಂಡರು. ನಾನು ಅವರ ಹೊಗಳಿಕೆಯನ್ನೂ ಚಹಾವನ್ನೂ ತೆಗೆದುಕೊಂಡು ಬಂದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಇದ್ದರೂ ಕೂರಲಾಗಲಿಲ್ಲ.

ಇನ್ನೇನು ಬರೆಯಲಿ? ನಮ್ಮ ಮನೆಯವರು, ನಿನ್ನ ಮಾಮಾ, ಹಾಲು ಕಾಯಿಸಲು ಕಲಿತಿದ್ದಾರೆ, ಉಕ್ಕಿಸದೆ ಕಾಯಿಸಲು ಇನ್ನೂ ಕಲಿತಿಲ್ಲ. ನಿನ್ನನ್ನು ಕೇಳಿದ್ದಾರೆ. ದೇವರು ನಿನ್ನ ಸೊಂಟಕ್ಕೆ ಬಲ ಕೊಡಲಿ, ನಿನ್ನ ಮನೆಯ ದೀಪ ಚೆನ್ನಾಗಿ ಉರಿಯಲಿ. ಈ ಸಲ ಕಣ್ಣು ತೆರೆದುಕೊಂಡೇ ಕೇಳಿಕೊಳ್ಳುತ್ತಿದ್ದೇನೆ.

ನಿನ್ನ ಅಕ್ಕ,
ಸುಧಾರಾಣಿ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಚಮನಸಾಬರ ಟಂಟಂ ಗಾಡಿ ಹೊರಗೆ ಹಾರ್ನು ಹೊಡೆಯುತ್ತಿದೆ. ಆರಾಮ ಎಂದು ಬರೆದದ್ದು ಸುಳ್ಳು. ನಾನು ತಿಕೋಟಾದಲ್ಲಿ ಎದ್ದು ನಿಂತ ಭಾನುವಾರಕ್ಕೂ ಮೊದಲಿನ ಗುರುವಾರ ನಾನು ಅವ್ವನನ್ನು ಹೊಡೆದೆ. ಹಾಲು ರೊಟ್ಟಿ ನನ್ನ ಮುಖಕ್ಕೆ ಉಗುಳಿದಳು, ನನ್ನ ಕೈ ಎದ್ದಿತು. ನೀನು ಹೇಳಿಹೋದ ಅದೇ ಎಡಗೆನ್ನೆ. ಭಾನುವಾರ ಅಷ್ಟು ಜನರೆದುರು ಬಾಯಿ ಬಿಟ್ಟೆನಲ್ಲ, ಇದನ್ನು ಮಾತ್ರ ನುಂಗಿಕೊಂಡೆ. ಅವ್ವ ಅಳಲಿಲ್ಲ. ಹೊಡೆದ ನನ್ನ ಕೈಯನ್ನು ಹಿಡಿದು, ಅದಕ್ಕೇ ನೋವಾಗಿದೆ ಎಂಬಂತೆ ಊದಿದಳು. 'ಇರ್ಲಿ ಬಿಡ ಯಶೀ, ನೀನರ ಎಷ್ಟು ಮಾಡತಿ, ದಣದಿ' ಎಂದಳು. ನಿನಗೂ ಹೀಗೇ ಊದುತ್ತಿದ್ದಳೇ? ನನಗೆ ಯಾಕೆ ಹೇಳಲಿಲ್ಲ ನೀನು? ಕೇಳಲು ನಾನು ಇದ್ದೆನಾದರೂ ಎಲ್ಲಿ. ಆ ಮಾತು ನಿನ್ನ ಹೆಸರಿಗೆ ಬಂದದ್ದು, ನಿನಗೆ ತಲುಪಲಿ. ನೀನು ಬಾ ಯಶೂ. ಅವ್ವನನ್ನು ನಿನ್ನ ಮೇಲೆ ಹೊರಿಸುವುದಿಲ್ಲ, ಇನ್ನು ಮೇಲೆ ಅವಳು ನನ್ನಲ್ಲೇ. ಒಳಗಿನ ಕೋಣೆಯ ಬಾಗಿಲು ಹಾಕಿಕೊಂಡು, ಮುಖ ನೋಡಿ ನನ್ನನ್ನು ಬೈ. ನಾನು ಕಣ್ಣು ಮುಚ್ಚುವುದಿಲ್ಲ. ಬೈದಾದ ಮೇಲೆ ಒಂದು ತಾಸು ಅವ್ವನ ಹತ್ತಿರ ಕೂತುಕೋ, ನಾನು ತಲೆ ತೊಳೆದುಕೊಂಡು ಬರುತ್ತೇನೆ, ಜಡೆಗಟ್ಟಿದೆ. ಆಮೇಲೆ ನೀನು ತೊಳೆದುಕೋ, ನಾನು ಕೂರುತ್ತೇನೆ. ಸೀಗೆಕಾಯಿ ಇಬ್ಬರಿಗೂ ಸಾಕಾಗುವಷ್ಟಿದೆ.