ಹಾಲಿನ ಮಾಫಿ

ನಂಜನಗೂಡು
14 ನವೆಂಬರ್ 2024

ನನ್ನ ಮುದ್ದು ಮುಬೀನಾಗೆ, ಅಮ್ಮಿಯ ಸಲಾಂ ಮತ್ತು ದುವಾ.

ಅಳುತ್ತಲೇ ತಿ. ನರಸೀಪುರದ ಬಸ್ಸು ಹತ್ತಿದೆಯಂತೆ, ನಿನ್ನ ಅಬ್ಬಾ ಹೇಳಿದರು. ಮೊದಲಿನಿಂದಲೂ ನೀನು ಹಾಗೆಯೇ, ಕಣ್ಣೀರು ಮುಂದೆ, ಮಾತು ಹಿಂದೆ. ಫೋನು ಮಾಡೋಣವೆಂದರೆ ಈ ಮಾತಿಗೆ ನನ್ನ ನಾಲಗೆ ಏಳುತ್ತಿಲ್ಲ. ಅದಕ್ಕೇ ಕಾಗದ.

ಇನ್ನು ಕಿಮೋ ಬೇಡ, ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿದ ಮೇಲೆ ನೀನು ನನ್ನ ಕಾಲು ಹಿಡಿದು, ಹಾಲಿನ ಋಣ ಮಾಫಿ ಮಾಡು ಎಂದು ಕೇಳಿದೆ. ಸಾಯುವ ತಾಯಿಯನ್ನು ಮಕ್ಕಳು ಹೀಗೆ ಕೇಳುವುದು ನಮ್ಮಲ್ಲಿ ವಾಡಿಕೆ. ಮಾಫಿ ಮಾಡಿದೆ ಎಂದಿದ್ದರೆ ಮುಗಿದುಹೋಗುತ್ತಿತ್ತು. ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ನಿನಗೆ ಎಷ್ಟು ನೋವಾಯಿತೋ. ಕೋಪವಲ್ಲ ಮಗಳೇ. ನಾನು ಕೊಡದ ಹಾಲನ್ನು ನಾನು ಹೇಗೆ ಮಾಫಿ ಮಾಡಲಿ? ಅಲ್ಲಾಹನ ಮುಂದೆ ನಿಲ್ಲುವ ಹೊತ್ತಿನಲ್ಲಿ ಸುಳ್ಳು ಬೇಡವೆನಿಸಿತು.

ನೀನು ಹುಟ್ಟಿದಾಗ ನನಗೆ ಹಾಲೇ ಬರಲಿಲ್ಲ. ಆಗ ನಾವು ಹೆಡತಲೆಯಲ್ಲಿದ್ದೆವು. ಪಕ್ಕದ ಮನೆಯ ಪುಟ್ಟಗೌರಮ್ಮನ ಕೂಸು ಹದಿನೈದು ದಿನಕ್ಕೇ ತೀರಿಕೊಂಡಿತ್ತು. ನಿನ್ನ ಅಳು ಕೇಳಿ ಅವಳೇ ಬಂದಳು. "ಆ ಕೂಸ್ನ ಅಳಿಸ್ಬೇಡ, ಕೊಡವ್ವ ಇತ್ತಾಗೆ. ನಾನಿವ್ನಿ" ಎಂದಳು. ಎಂಟು ತಿಂಗಳು ನೀನು ಅವಳ ಹಾಲು ಕುಡಿದೆ. ನಮ್ಮ ಧರ್ಮದಲ್ಲಿ ಹಾಲು ಕೊಟ್ಟವಳೂ ತಾಯಿಯೇ. ನಿನಗೆ ಇಬ್ಬರು ತಾಯಂದಿರು ಎಂಬುದನ್ನು ಮೂವತ್ತೊಂದು ವರ್ಷ ಮುಚ್ಚಿಟ್ಟೆ.

ಎದೆಯಲ್ಲೇ ಗಂಟು ಕಂಡಾಗ, ಇದು ಅದಕ್ಕೇ ಸಿಕ್ಕ ಶಿಕ್ಷೆ ಎಂದು ನಡುಗಿಹೋದೆ. ಅಬ್ಬಾರ ಮೂಲಕ ಇಮಾಮ್ ಸಾಹೇಬರನ್ನು ಕೇಳಿದೆ. ಕಾಯಿಲೆ ಶಿಕ್ಷೆಯಲ್ಲ, ಸಹಿಸಿಕೊಂಡರೆ ಪಾಪ ತೊಳೆಯುತ್ತದೆ ಎಂದರಂತೆ. ಈಗ ಕೂತೇ ನಮಾಜು ಮಾಡುತ್ತೇನೆ. ನೋವೇನೂ ಕಮ್ಮಿಯಾಗಿಲ್ಲ, ಆದರೂ ಭಯ ಕಮ್ಮಿಯಾಗಿದೆ. ಬೆನ್ನಿಗೆ ಅಬ್ಬಾ ದಿಂಬಿನ ಒತ್ತು ಕೊಡುತ್ತಾರೆ.

ನೀನು ಹೆಡತಲೆಗೆ ಹೋಗು. ಪುಟ್ಟಗೌರಮ್ಮ ಇನ್ನೂ ಇದ್ದಾಳೆ. ಮಾಫಿಯನ್ನು ಅವಳ ಬಾಯಿಂದಲೇ ಕೇಳು. ನೆಗಡಿಗೆ ಬಿಸಿನೀರು ಕುಡಿ, ಮಕ್ಕಳ ಮೇಲೆ ಸಿಡುಕಬೇಡ.

ನಿನ್ನ ಅಮ್ಮಿ,
ಬದ್ರುನ್ನೀಸಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ನೀನು ಅವಳ ಮಡಿಲಲ್ಲಿ ಮಾತ್ರ ಅಳು ನಿಲ್ಲಿಸುತ್ತಿದ್ದೆ. ನನಗೆ ಹೊಟ್ಟೆಕಿಚ್ಚು. ನಂಜನಗೂಡಿಗೆ ಮನೆ ಬದಲಿಸಿದ್ದು ಅದಕ್ಕೇ, ಅಬ್ಬಾರ ಕೆಲಸಕ್ಕಲ್ಲ. ಮೂರನೇ ದಿನ ಅವಳು ಹುಡುಕಿಕೊಂಡು ಬಂದಳು, ರವಿಕೆ ಪೂರ್ತಿ ಹಾಲಿನಲ್ಲಿ ನೆಂದಿತ್ತು. ಕಿಟಕಿಯಿಂದ ನೋಡಿದೆ, ಬಾಗಿಲು ತೆಗೆಯಲಿಲ್ಲ. ಒಳಗೆ ನೀನು ಅಳುತ್ತಿದ್ದೆ, ಹೊರಗೆ ಅವಳು. ಮನುಷ್ಯರಿಗೆ ಮಾಡಿದ ಅನ್ಯಾಯವನ್ನು ಆ ಮನುಷ್ಯರೇ ಕ್ಷಮಿಸದೆ ಅಲ್ಲಾಹನೂ ಕ್ಷಮಿಸುವುದಿಲ್ಲ. ನಿನಗೆ ಅವಳು ಮಾಫಿ ಕೊಟ್ಟೇ ಕೊಡುತ್ತಾಳೆ. ನನ್ನದನ್ನೂ ಕೇಳಿ ನೋಡು.