ಹಿಡಕಲ್ ಹಿನ್ನೀರಿಗೆ ಬಂದ ಹೆಬ್ಬಾತುಗಳು

ನವೆಂಬರ್ 17, ಬೆಳಿಗ್ಗೆ 6.40

ಮೊದಲ ತಂಡ. ನಲವತ್ತೊಂದು. ಹಿಡಕಲ್ ಹಿನ್ನೀರಿನ ಆಚೆ ದಂಡೆಗೆ ಇಳಿದವು. ಮೀನು ಹಿಡಿಯುವ ರಾಚಪ್ಪನೇ ಎಂದಿನಂತೆ ಫೋನ್ ಮಾಡಿ ಎಬ್ಬಿಸಿದ. ಅವನ ದೋಣಿಯಲ್ಲೇ ಹೋದೆ. ಶಾಲೆಯಿಂದ ರಿಟೈರ್ ಆದ ಮೇಲೆ ಬೇರೇನು ಕೆಲಸ... ಹಿಮಾಲಯ ದಾಟಿ ಬಂದ ದಣಿವು ಒಂದರಲ್ಲೂ ಕಾಣಲಿಲ್ಲ.

ನವೆಂಬರ್ 29

ಇನ್ನೂರು ದಾಟಿದವು. ಮಗಳು ಭಾಗ್ಯಾಗೆ ಫೋಟೊ ಕಳಿಸಿದೆ. ಅವಳ ಗಂಡನ ಮನೆಯವರ ಹೊಲ ಆಚೆ ದಂಡೆಗೇ ಇದೆ. ಚಿಕ್ಕವಳಿದ್ದಾಗ ನನ್ನ ದುರ್ಬೀನು ಕೆಳಗಿಡುತ್ತಿರಲಿಲ್ಲ. ಉತ್ತರ ಬರಲಿಲ್ಲ.

ಸಂಜೆ ಅವಳ ಮಾವ ಮಾಲಿಂಗಪ್ಪ ಸಿಕ್ಕರು. ಕಡಲೆ ಮೊಳಕೆಯೆಲ್ಲ ಹಕ್ಕಿ ಪಾಲು, ಎರಡನೇ ಸಲ ಬಿತ್ತಿದ್ದೇವೆ ಎಂದರು. ದೂರದಿಂದ ಬಂದ ಅತಿಥಿಗಳಲ್ಲವೇ ಎಂದೆ. ಬೀಗರು ನಗಲಿಲ್ಲ.

ಡಿಸೆಂಬರ್ 12

ಇಪ್ಪತ್ಮೂರು ಸತ್ತಿವೆ. ಕೊಕ್ಕಿನಲ್ಲಿ ನೊರೆ, ಬಾಯಲ್ಲಿ ಜೋಳ. ಬೆಳೆಗೆ ಹೊಡೆಯುವ ಔಷಧದ ವಾಸನೆ. ಎರಡು ನೀರಲ್ಲಿ ತೇಲುತ್ತಿದ್ದವು — ಎತ್ತಿ ದೋಣಿಗೆ ಹಾಕಿಕೋ ಎಂದು ರಾಚಪ್ಪನಿಗೆ ಹೇಳಿದೆ. ಫಾರೆಸ್ಟ್ ಗಾರ್ಡಿಗೆ ಫೋನ್ ಮಾಡಿದ್ದೂ ನಾನೇ. ಮಾಡಿದವರನ್ನು ಬಿಡಬೇಡಿ ಎಂದೆ.

ಡಿಸೆಂಬರ್ 13

ಭಾಗ್ಯಾ ಬಂದಳು. ಒಬ್ಬಳೇ. ಕೂರಲಿಲ್ಲ.

"ಜ್ವಾಳದಾಗ ಔಷಧ ಕಲಿಸಿದಾಕಿ ನಾನ, ಅಪ್ಪಾ. ಹನ್ನೊಂದು ವರ್ಷ ಹಕ್ಕಿ ಎಣಿಸ್ದಿ. ಒಮ್ಮ್ಯಾರ ನಮ್ಮ ಹೊಲಕ್ಕ ಬಂದ ನಿಂತಿ ಏನ?"

ನೀರು ಕೊಟ್ಟೆ, ಕುಡಿಯಲಿಲ್ಲ. ಅವಳ ಕೈಗೆ ಇನ್ನೂ ಆ ವಾಸನೆ.

ಡಿಸೆಂಬರ್ 15

ರಾಚಪ್ಪನನ್ನು ಫಾರೆಸ್ಟಿನವರು ಹಿಡಿದೊಯ್ದರಂತೆ. ಅವನ ದೋಣಿಯಲ್ಲಿ ಸತ್ತ ಹೆಬ್ಬಾತು ಸಿಕ್ಕಿದ್ದೇ ಸಾಕ್ಷಿ. ಗಾರ್ಡು ಫೋನ್ ಮಾಡಿ, ಬೇರೆ ಯಾರ ಮೇಲಾದರೂ ಸಂಶಯವಿದೆಯೇ ಎಂದು ಕೇಳಿದ. ಇಲ್ಲ ಎಂದೆ. ಎತ್ತಿಕೋ ಎಂದದ್ದು ನಾನು ಎಂಬುದನ್ನೂ ಹೇಳಲಿಲ್ಲ. ಹೇಳಬಹುದಿತ್ತು. ಹೇಳಿದರೆ, ಹಾಗಾದರೆ ಯಾರು ಎನ್ನುತ್ತಾನೆ. ಮೂವತ್ತು ವರ್ಷ ಮಕ್ಕಳಿಗೆ ಸತ್ಯ ನುಡಿಯಿರಿ ಎಂದು ಕಲಿಸಿದ ಬಾಯಿ ಇದು. ಥೂ.

ಡಿಸೆಂಬರ್ 16, ಮಧ್ಯಾಹ್ನ

ರಾಚಪ್ಪನ ಹೆಂಡತಿ ಯಮನವ್ವ ಬಂದಳು. ಹೊಸ್ತಿಲಾಚೆಯೇ ನಿಂತಳು.

"ನಿಮ್ಮ ಹೆಸರಽ ಹೇಳಾಕತ್ತಾರ್ರಿ ನಮ್ಮ ಮನಿಯವ್ರು. ಸರ್ ಬಂದು ಒಂದ್ ಮಾತ ಹೇಳಿದ್ರ ಬಿಡ್ತಾರಂತ. ಬರ್ರಿ ಸರ್."

ಅಂಗಿ ಹಾಕಿಕೊಂಡು ಬರುತ್ತೇನೆಂದು ಒಳಗೆ ಬಂದೆ. ಹಾಕಿಕೊಂಡು ಅರ್ಧ ಗಂಟೆಯಾಯಿತು. ಕಿಟಕಿಯಿಂದ ಕಾಣುತ್ತಾಳೆ. ಬಿಸಿಲಲ್ಲಿ, ಸೆರಗು ತಲೆಗೆಳೆದುಕೊಂಡು. ನನ್ನ ಮೇಲೆ ಒಂದಿಷ್ಟೂ ಸಂಶಯವಿಲ್ಲ ಅವಳಿಗೆ. ಹಿತ್ತಲ ಬಾಗಿಲಿನ ಅಗುಳಿ ತೆಗೆದಿಟ್ಟು ಬಂದು ಇದನ್ನು ಬರೆಯುತ್ತಿದ್ದೇನೆ. ಈಗ ಕರೆಯುತ್ತಿದ್ದಾಳೆ — ಸರ್, ಸರ್ ಎಂದು...